ದೇವು ಮಾವನ ಮೆಟ್ಟಿಲಿಲ್ಲದ ಗಿಯರು

ತೊಂದರೆಗೆಲ್ಲ ಮೂಲ ಕುಮಟೆಯ ಒಂದು ಆಫೀಸಿನಿಂದ ಬಂದ ಕಾಗದದ ಕೊನೆಯ ಸಾಲು. ಟಪಾಲು ಹಂಚುವ ಪಟ್ಟೇವಾಲನ ನೌಕರಿಗೆ ಬರುವ ಉಮೇದುವಾರರು ಸ್ವಂತ ಸೈಕಲ್ ಸಮೇತ ಹಾಜರಾಗತಕ್ಕದ್ದು ಎಂದು ಅದರಲ್ಲಿ ಬರೆದಿತ್ತು. ಶರಾವತಿ ದಡದ ಕಾಸರಕೋಡಿನ ಮಾಬ್ಲನ ಹತ್ತಿರ ವಿನಯ ಇತ್ತು, ಮುಲ್ಕಿ ಪರೀಕ್ಷೆ ಪಾಸಾದ ದಾಖಲೆ ಇತ್ತು, ಮದುವೆಯಲ್ಲಿ ಹೊಲಿಸಿದ ಕೋಟು ಇತ್ತು. ಸೈಕಲ್ಲೊಂದು ಇರಲಿಲ್ಲ.

ಇದ್ದದ್ದು ಅವನ ಸೋದರಮಾವ ದೇವುವಿನ ಸೈಕಲ್. ಅದನ್ನು ಸೈಕಲ್ ಎಂದು ಕರೆಯಬಹುದೋ ಬಾರದೋ ಎಂಬುದರಲ್ಲಿ ಕೇರಿಯವರಿಗೇ ಒಮ್ಮತ ಇರಲಿಲ್ಲ. ದೇವು ಮಾವ ಮುಂಬಯಿಯ ಹತ್ತಿ ಗಿರಣಿಯಲ್ಲಿ ಅರ್ಧ ಆಯುಷ್ಯ ಕಳೆದು, ಒಂದು ಕೆಮ್ಮು ಮತ್ತು ಒಂದು ಯೋಚನೆ ಕಟ್ಟಿಕೊಂಡು ಊರಿಗೆ ಬಂದವನು. ಕೆಮ್ಮು ಸಮುದ್ರದ ಗಾಳಿಗೆ ಹೋಯಿತು. ಯೋಚನೆ ಹೋಗಲಿಲ್ಲ.

ಯೋಚನೆ ಇಷ್ಟು. ಗಿರಣಿಯಲ್ಲಿ ನೂಲು ಸುತ್ತುವ ಯಂತ್ರದೊಳಗೆ ಎರಡು ಉರುಳೆಗಳಿರುತ್ತವಂತೆ. ಒಂದೊಂದೂ ಒಂದು ತುದಿಯಲ್ಲಿ ದಪ್ಪ, ಇನ್ನೊಂದು ತುದಿಯಲ್ಲಿ ಸಪೂರ. ಒಂದರ ದಪ್ಪ ತುದಿಯ ಪಕ್ಕಕ್ಕೆ ಇನ್ನೊಂದರ ಸಪೂರ ತುದಿ ಬರುವಂತೆ ಮಲಗಿಸಿ, ಎರಡಕ್ಕೂ ಸೇರಿಸಿ ಒಂದು ಪಟ್ಟಾ, ಅಂದರೆ ಬೆಲ್ಟು, ಹಾಕುತ್ತಾರೆ. ಪಟ್ಟಾ ಈ ಕಡೆ ಸರಿದರೆ ವೇಗ ಹೆಚ್ಚು, ಆ ಕಡೆ ಸರಿದರೆ ಬಲ ಹೆಚ್ಚು. ಅದನ್ನೇ ಸೈಕಲ್ಲಿಗೆ ಹಾಕಿದರೆ ಏನಾಗುತ್ತದೆ ಎಂಬುದು ಮಾವನ ಪ್ರಶ್ನೆ. ಏನೂ ಒಳ್ಳೇದಾಗುವುದಿಲ್ಲ ಎಂಬುದು ಉಳಿದವರ ಉತ್ತರ.

"ಸಾಹೇಬರ ಗಿಯರ್ ಸೈಕಲ್ ಅಂದ್ರೆ ಏಣಿ ಇದ್ದ ಹಾಗೆ," ಎಂದು ಮಾವ ಸಿಕ್ಕಿದವರಿಗೆಲ್ಲ ಹೇಳುತ್ತಿದ್ದ. "ಒಂದು, ಎರಡು, ಮೂರು. ನಡುವೆ ಕಾಲಿಡ್ಲಿಕ್ಕೆ ಜಾಗ ಇಲ್ಲ. ನಂದಕ್ಕೆ ಮೆಟ್ಟಿಲೇ ಇಲ್ಲ ಮಾರಾಯ. ಇಳಿಜಾರಿನ ಹಾಗೆ, ಎಲ್ಲಿ ಬೇಕೋ ಅಲ್ಲಿ ನಿಂತ್ಕೊಳ್ತದೆ."

ಪಟ್ಟಾವನ್ನು ಸರಿಸಲು ಕೈಹಿಡಿಯೂ ಬೇಡವಂತೆ. ಪಟ್ಟಾದ ಸ್ವಭಾವವೇ ದಪ್ಪ ತುದಿಯ ಕಡೆ ಹತ್ತುವುದು. ಒಂದು ಉರುಳೆ ಅದನ್ನು ಎಡಕ್ಕೆ ಕರೆಯುತ್ತದೆ, ಇನ್ನೊಂದು ಬಲಕ್ಕೆ. ತಾಯಿಯ ಮಾತು ಕೇಳಲೋ ಹೆಂಡತಿಯ ಮಾತು ಕೇಳಲೋ ಎಂದು ನಡುಮನೆಯಲ್ಲಿ ನಿಂತ ಗಂಡನ ಹಾಗೆ ಪಟ್ಟಾ ಎಲ್ಲೋ ಒಂದು ಕಡೆ ನಿಲ್ಲುತ್ತದೆ. ದಿಬ್ಬ ಬಂದು ಭಾರ ಬಿದ್ದರೆ ಒಬ್ಬಳು ಗೆಲ್ಲುತ್ತಾಳೆ, ಇಳುಕಲು ಬಂದರೆ ಇನ್ನೊಬ್ಬಳು.

ಮಾವ ಕಡಲದಂಡೆಯಲ್ಲಿ ಸಿಕ್ಕಿದ ಒಂದು ಹೊನ್ನೆಯ ದಿಮ್ಮಿಯಿಂದ ಉರುಳೆ ಕಡೆಸಿದ. ಗಿರಣಿಯಿಂದ ತಂದ ಕ್ಯಾನ್‌ವಾಸಿನ ತುಂಡು ಪಟ್ಟಾ ಆಯಿತು. ಉಪ್ಪುಗಾಳಿ ತಾಗಬಾರದೆಂದು, ನೆರೆಯವರ ಕಣ್ಣೂ ಬೀಳಬಾರದೆಂದು, ಎಲ್ಲದಕ್ಕೂ ಸೇರಿಸಿ ಸೀಮೆಎಣ್ಣೆ ಡಬ್ಬಿ ಕತ್ತರಿಸಿ ಮುಚ್ಚಳ ಕೂರಿಸಿದ. ಮುಚ್ಚಳವನ್ನು ತಾನಲ್ಲದೆ ಇನ್ನೊಬ್ಬರು ತೆಗೆಯಕೂಡದು ಎಂಬುದು ಅವನ ಕಟ್ಟಪ್ಪಣೆ.

ಸೈಕಲ್ಲು ಓಡಿತು. ಕಾಸರಕೋಡಿನ ಬಯಲಲ್ಲಿ ಓಡಿತು, ಸಣ್ಣ ದಿಬ್ಬದಲ್ಲಿ ಪಟ್ಟಾ ಜಾರಿ ನಿಂತಿತು. ಮಾಬ್ಲ ಆಮೇಲೆ ತಳ್ಳಿಕೊಂಡು ಬಂದ. ಹೀಗೇ ಒಂದು ವಾರ ಅಭ್ಯಾಸ ಆಯಿತು.

ಈ ನೌಕರಿ ಸಿಗಲೇಬೇಕಿತ್ತು. ಹಂಚಿನ ಭಟ್ಟಿ ಮುಚ್ಚಿದ ಮೇಲೆ ಮಾಬ್ಲ ಮನೆಯಲ್ಲೇ ಇದ್ದ. ಅವನ ಹೆಂಡತಿ ಮಾದಿಯ ಅಣ್ಣ ಭಟ್ಕಳದ ಹತ್ತಿರದ ಬೆಳಕೆಯಲ್ಲಿ ಒಣಮೀನಿನ ವ್ಯಾಪಾರಿ. ತಂಗಿಯನ್ನೂ ಭಾವನನ್ನೂ ಕರೆಸಿ ಭಾವನ ತಲೆಗೆ ಬುಟ್ಟಿ ಹೊರಿಸುತ್ತೇನೆಂದು ಅವನು ಭಟ್ಕಳ ಪೇಟೆಯಲ್ಲಿ ನಾಲ್ಕು ಜನರ ಎದುರು ಹೇಳಿ ಆಗಿತ್ತು. ಮಾದಿ ಟ್ರಂಕು ಕಟ್ಟಿಟ್ಟಿದ್ದಳು. ನೌಕರಿ ಸಿಕ್ಕರೆ ಬಿಚ್ಚುವುದು, ಇಲ್ಲದಿದ್ದರೆ ಮರುದಿನ ಬೆಳಗಿನ ಬಸ್ಸು. ಅವಳು ಜಗಳ ಮಾಡಲಿಲ್ಲ, ಅಳಲಿಲ್ಲ, ಟ್ರಂಕನ್ನು ಬಾಗಿಲ ಹತ್ತಿರ ಇಟ್ಟಳು ಅಷ್ಟೆ.

"ಹೋಗ್ಬನ್ನಿ," ಎಂದಳು ಹೊರಡುವಾಗ. "ಮತ್ತೆ, ನಿಮ್ಮ ಮಾವನ ಹತ್ರ ಆ ಕ್ಯಾನ್‌ವಾಸಿನ ಪಟ್ಟಿ ಒಂದು ತುಂಡು ಕೇಳಿ ಅಂದಿದ್ದೆ. ಕರು ಹಗ್ಗ ಕಡಿದುಕೊಂಡಿದೆ."

ಮಾವ ಮನೆಯಲ್ಲಿರಲಿಲ್ಲ. ಬೆಳಗಾಗುವ ಮೊದಲೇ ಎದ್ದು ದಂಡೆಯ ಕಡೆ ಹೋಗಿದ್ದ. ಹಿಂದಿನ ಸಂಜೆ ಅವನು ಪಟ್ಟಾದ ಹಿಡಿತಕ್ಕೆಂದು ದೂಪದ ಮರದ ರಾಳ ಕುದಿಸಿದ್ದ. ಅದರ ಕಂಪು ಮನೆಯಲ್ಲೆಲ್ಲ ಇನ್ನೂ ನಿಂತಿತ್ತು. ದೇವರ ಕೋಣೆಯಲ್ಲಿ ಮಲಗಿ ಎದ್ದವನ ಹಾಗೆ ಮಾಬ್ಲ ಕೋಟು ಹಾಕಿಕೊಂಡು, ಸೈಕಲ್ಲನ್ನು ಅಂಗಳದಿಂದ ಇಳಿಸಿದ.

ಶರಾವತಿಯ ಮೇಲೆ ಮಂಜು ಕೂತಿತ್ತು. ಪುಷ್ಯದ ಮಂಜು, ಆಚೆ ದಡದ ಹೊನ್ನಾವರ ಇದೆಯೋ ಇಲ್ಲವೋ ಎಂಬುದು ನಂಬಿಕೆಯ ಮಾತಾಗಿತ್ತು. ಹೊಳೆ ದಾಟಿಸುವ ತಾರಿಯ ದೋಣಿಯಲ್ಲಿ ಮಾಬ್ಲ ಒಬ್ಬನೇ. ಅಂಬಿಗ ಸೋಮ ಸೈಕಲ್ಲನ್ನು ಹಿಂದಿನ ತುದಿಗೆ ಮಲಗಿಸಲು ಹೇಳಿದ. ಮಲಗಿಸಿದ್ದೇ ದೋಣಿಯ ಆ ತುದಿ ನೀರಿಗೆ ಇಳಿಯಿತು, ಮುಂದಿನ ಮೂಗು ಎದ್ದಿತು. ಸೋಮ ಹೋಗಿ ಒಂದು ಮೂಟೆ ತೆಂಗಿನಕಾಯಿ ತಂದು ಮುಂದುಗಡೆ ಇಟ್ಟ. ಆಗ ದೋಣಿ ಸಮ ಆಯಿತು.

"ಎಂತದಾ ಅದು, ಇಷ್ಟು ಭಾರ?"

"ಮರದ ಉರುಳೆ," ಎಂದ ಮಾಬ್ಲ. "ಹೊನ್ನೆ. ನೀರು ಕುಡಿದದ್ದು."

ಸೋಮ ಹುಟ್ಟು ಹಾಕುತ್ತ ಸೈಕಲ್ಲನ್ನೇ ನೋಡಿದ. ನಡುನೀರಿನಲ್ಲಿ ಮಂಜಿನೊಳಗೆ ಒಂದು ನಿಟ್ಟುಸಿರು ಕೇಳಿಸಿತು. ಮಾಬ್ಲ ಸೋಮ ಬಿಟ್ಟದ್ದೆಂದುಕೊಂಡ. ಸೋಮ ಮಾಬ್ಲ ಬಿಟ್ಟದ್ದೆಂದುಕೊಂಡ. ಇಬ್ಬರೂ ಒಬ್ಬರನ್ನೊಬ್ಬರು ಕನಿಕರದಿಂದ ನೋಡಿಕೊಂಡರು.

ಹೊನ್ನಾವರದ ಏರು ಬಂತು. ಮಾಬ್ಲ ಇಳಿದು ತಳ್ಳುವ ತಯಾರಿಯಲ್ಲಿ ಪಂಚೆ ಎತ್ತಿ ಕಟ್ಟಿದ್ದ. ಬೇಕಾಗಲಿಲ್ಲ. ಏರಿನ ಬುಡದಲ್ಲಿ ಪೆಡಲು ಒಮ್ಮೆ ಬಿಗಿಯಾಯಿತು, ಡಬ್ಬಿಯೊಳಗೆ ಉಸ್ ಎಂದು ಸದ್ದಾಯಿತು, ಆಮೇಲೆ ಸೈಕಲ್ಲು ಮಜ್ಜಿಗೆಯಲ್ಲಿ ಕಡಗೋಲು ತಿರುಗಿದ ಹಾಗೆ ಏರತೊಡಗಿತು. ತಾನು ಪೆಡಲು ತುಳಿಯುತ್ತಿದ್ದಾನೋ ಪೆಡಲೇ ತನ್ನ ಕಾಲನ್ನು ಎತ್ತಿ ಇಳಿಸುತ್ತಿದೆಯೋ ಎಂದು ಅವನಿಗೆ ಅನುಮಾನ ಬಂತು. ಆಗಲೇ ಮೂಗಿಗೆ ದೂಪದ ವಾಸನೆ ಬಡಿಯಿತು. ಯಾರೋ ಬೆನ್ನ ಹಿಂದೆ ಕೆಂಡದ ಮೇಲೆ ಈಗಷ್ಟೆ ಒಂದು ಹಿಡಿ ದೂಪ ಹಾಕಿದ ಹಾಗಿತ್ತು.

ಮಾಬ್ಲನ ರೋಮ ನಿಂತಿತು. ಅವನು ಮಾವನ ಪಾಠವನ್ನು ಗಟ್ಟಿಯಾಗಿ ಹೇಳಿಕೊಂಡ. ಭಾರ ಬಿದ್ದರೆ ಪಟ್ಟಾ ಸರಿಯುತ್ತದೆ, ಸರಿದರೆ ಉಸ್ ಎನ್ನುತ್ತದೆ. ಪಟ್ಟಾ ಉಜ್ಜಿದರೆ ಬಿಸಿಯಾಗುತ್ತದೆ, ಬಿಸಿಯಾದರೆ ರಾಳ ಕಂಪು ಬಿಡುತ್ತದೆ. ಹೇಳಿ ಮುಗಿಸುವುದರೊಳಗೆ ಏರು ಮುಗಿದಿತ್ತು. ವಿಜ್ಞಾನ ಎಂದರೆ ಇದು ಎಂದು ಅವನಿಗೆ ಹೆಮ್ಮೆಯಾಯಿತು.

ಕರ್ಕಿಯಲ್ಲಿ ಒಂದು ನಾಯಿ ಅಟ್ಟಿಸಿಕೊಂಡು ಬಂತು. ಅದು ಮಾಬ್ಲನನ್ನು ನೋಡಿ ಬೊಗಳಿತು. ಅವನ ಹಿಂದೆ ನೋಡಿ ಬಾಯಿ ಮುಚ್ಚಿ, ರಸ್ತೆಯ ನಡುವೆ ಬೆನ್ನಡಿಯಾಗಿ ಬಿದ್ದುಕೊಂಡು ಕಾಲು ಮೇಲೆ ಮಾಡಿತು. ಹಳದೀಪುರದಲ್ಲಿ ಎತ್ತಿನಗಾಡಿಯವನೊಬ್ಬ ಗಾಡಿಯನ್ನು ಗದ್ದೆಗೆ ಇಳಿಸಿ ದಾರಿ ಬಿಟ್ಟ. ಅವನ ಎತ್ತು ಮಾಡಿದ ಕೆಲಸ ಅದು. ಅವನಿಗೇ ಏಕೆಂದು ತಿಳಿಯಲಿಲ್ಲ. ಮಾಬ್ಲ ಅವನಿಗೂ ಪಟ್ಟಾದ ಗುಣ ವಿವರಿಸಿದ.

ಕುಮಟೆ ಹತ್ತಿರವಾದಂತೆ ರಸ್ತೆಯ ಪಕ್ಕದಲ್ಲಿ ನೀರುಳ್ಳಿ ಪಾತಿಗಳು ಬಂದವು. ಹೆಂಗಸರು ಕೊಡದಲ್ಲಿ ನೀರು ಹಾಕುತ್ತ ಹಾಡು ಹೇಳುತ್ತಿದ್ದರು. ಸೈಕಲ್ಲು ಸಮೀಪಿಸುತ್ತಲೇ ಹಾಡು ನಿಂತಿತು. ಎಲ್ಲರಿಗಿಂತ ಹಿರಿಯಳಾದ ದುರ್ಗಮ್ಮ ಕೊಡ ಕೆಳಗಿಟ್ಟು, ಒದ್ದೆ ಕೈ ಸೀರೆಗೆ ಒರೆಸಿ ಜೋಡಿಸಿದಳು. ಮಾಬ್ಲ ತನಗೆಂದು ತಿಳಿದು ತಾನೂ ಕೈ ಜೋಡಿಸಲು ಹೋಗಿ ಬೀಳುವವನಾದ. ಅವಳು ನೋಡುತ್ತಿದ್ದದ್ದು ಅವನ ಹೆಗಲಿನಿಂದ ಒಂದು ಗೇಣು ಮೇಲೆ.

"ಅಂತೂ ಕುದ್ರೆ ಸಿಕ್ತಲ್ಲ," ಎಂದಳು ಆ ಕಡೆಗೆ. ಆಮೇಲೆ ಮಾಬ್ಲನಿಗೆ ಹೇಳಿದಳು, "ತಮಾ, ನಿಧಾನ ಹೋಗು. ಅವ ಕುದ್ರೆ ಮೇಲೆ ಕೂತು ಬಹಳ ದಿನ ಆತು."

ಮಾಬ್ಲ ಸೈಕಲ್ಲಿನಿಂದ ಇಳಿದ. ದುರ್ಗಮ್ಮ ಹೇಳಿದ್ದು ಹೀಗೆ. ರಸ್ತೆ ತಿರುವಿನಲ್ಲಿ ಕಾಣುವ ಆ ಮರಗಳ ಗುಂಪಿನೊಳಗೆ ಜಟ್ಟಿಗನಿದ್ದಾನೆ, ಊರ ಗಡಿ ಕಾಯುವವನು. ಮೊದಲಿನ ಮರದ ಮೂರ್ತಿ ಕುದುರೆಯ ಮೇಲೆ ಕೂತಿತ್ತು. ಅದು ಗೆದ್ದಲು ಹಿಡಿದದ್ದಕ್ಕೆ ಹೊಸದು ಮಾಡಿಸಿ, ಹಳೆಯದನ್ನು ಕುದುರೆ ಸಮೇತ ಪೂಜೆ ಮಾಡಿ ಕಡಲ ನೀರಿನ ಇಳಿತಕ್ಕೆ ಬಿಟ್ಟರು. ಆದರೆ ಹೊಸ ಮೂರ್ತಿಗೆ ಕುದುರೆ ಯಾರು ಮಾಡಿಸಬೇಕೆಂದು ಎರಡು ಕೇರಿಗೆ ಜಗಳ ಆಯಿತು. ಜಗಳ ಮುಗಿಯಲಿಲ್ಲ, ಕುದುರೆ ಆಗಲಿಲ್ಲ. ಜಟ್ಟಿಗನನ್ನು ನಿಂತ ಹಾಗೆಯೇ ಕೂರಿಸಿದರು. ಅಂದಿನಿಂದ ಪಾಪ ನಡೆದೇ ಗಡಿ ಕಾಯುತ್ತಾನೆ. ಬೆಳಗಿನ ಹೊತ್ತು ಅವನು ಕಾಲು ನೋವಿಗೆ ನಿಟ್ಟುಸಿರು ಬಿಡುವುದು ಪಾತಿಯವರೆಗೂ ಕೇಳುತ್ತದೆ.

"ಹಳೆ ಕುದ್ರೆ ಎಲ್ಲಿ ಹೋಯ್ತು?" ಎಂದು ಮಾಬ್ಲ ಕೇಳಿದ. ಕೇಳಬಾರದಿತ್ತು ಎಂದು ಕೇಳುವಾಗಲೇ ಅನಿಸಿತು.

"ತೆಂಕಲಾಗಿ ಹೋಯ್ತಪ. ಹೊನ್ನೆ ಮರದ್ದು, ಮುಳುಗುದಿಲ್ಲ."

ಮಾಬ್ಲನಿಗೆ ಮಾವ ದಂಡೆಯಿಂದ ಹೊತ್ತು ತಂದ ದಿಮ್ಮಿ ಕಣ್ಣ ಮುಂದೆ ಬಂತು. ಅದರ ಒಂದು ತುದಿ ಕೊರಳಿನ ಹಾಗೆ ಬಾಗಿತ್ತು. ಉರುಳೆಗೆ ಬಾರದ ಆ ತುಂಡನ್ನು ಮಾದಿ ಬಚ್ಚಲ ಒಲೆಗೆ ಹಾಕಿದ್ದಳು. ಅಂದು ಇಡೀ ಬೆಳಗ್ಗೆ ಬೆಂಕಿ ಉರಿದರೂ ಹಂಡೆಯ ನೀರು ತಣ್ಣಗೇ ಇತ್ತು. ಮಾದಿ ಹಂಡೆಯನ್ನು ಬೈದಿದ್ದಳು.

ಅವನು ದುರ್ಗಮ್ಮನಿಗೆ ಉರುಳೆ, ದಪ್ಪ ತುದಿ, ಸಪೂರ ತುದಿ, ಪಟ್ಟಾ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದ. ಅವಳು ತಾಳ್ಮೆಯಿಂದ ಕೇಳಿದಳು.

"ಹೌದು ಮಗಾ," ಎಂದಳು. "ವಾಪಸ್ ಬರುವಾಗ ಬನದ ಎದುರು ಒಂದು ಗಳಿಗೆ ನಿಲ್ಲು. ಇಳಿಯುದಾದ್ರೆ ಇಳೀಲಿ."

ಆಫೀಸಿನ ಅಂಗಳದಲ್ಲಿ ಇನ್ನೊಬ್ಬ ಉಮೇದುವಾರ ಆಗಲೇ ಬಂದು ನಿಂತಿದ್ದ. ಹಿರೇಗುತ್ತಿಯ ನಾಗಪತಿ, ಎತ್ತರದ ಆಳು, ಹೊಸ ಸೈಕಲ್ಲು, ಅದಕ್ಕೆ ದೀಪ, ಅದರ ಮೂಗಿಗೆ ಹೂವಿನ ದಂಡೆ. ಅವನು ಮಾಬ್ಲನ ಡಬ್ಬಿ ನೋಡಿ ಸೀಮೆಎಣ್ಣೆ ಮಾರಲು ಬಂದದ್ದೋ ಎಂದು ಕೇಳಿದ. ಆಫೀಸಿನವರೆಲ್ಲ ಕಿಟಕಿಗೆ ಬಂದು ನಕ್ಕರು. ಮಾಬ್ಲನ ಕಣ್ಣಿಗೆ ಮನೆಯ ಬಾಗಿಲ ಹತ್ತಿರದ ಟ್ರಂಕು ಬಂದು ನಿಂತಿತು.

ಹೆಡ್‌ಕ್ಲಾರ್ಕ್ ಶಾಂತಾರಾಮರಾಯರು ಹೊರಗೆ ಬಂದರು. ಅವರು ಬರುವುದೆಂದರೆ ಮೊದಲು ಹೊಟ್ಟೆ, ಆಮೇಲೆ ಕನ್ನಡಕ, ಕೊನೆಗೆ ರಾಯರು. ಸಾಹೇಬರ ಬಂಗಲೆ ಗುಡ್ಡದ ತುದಿಯಲ್ಲಿತ್ತು. ದಿನಾ ಟಪಾಲು ಅಲ್ಲಿಗೆ ಏರಬೇಕು. ಪರೀಕ್ಷೆಗೆ ರಾಯರು ಒಂದು ಸುಲಭದ ದಾರಿ ಕಂಡುಕೊಂಡಿದ್ದರು. ಅವರಿಗೂ ಆ ಹೊತ್ತು ಬಂಗಲೆಗೆ ಹೋಗುವುದಿತ್ತು. ತಮ್ಮನ್ನು ಕ್ಯಾರಿಯರಿನಲ್ಲಿ ಕೂರಿಸಿಕೊಂಡು, ಇಳಿಯದೆ ಮೇಲೆ ಮುಟ್ಟಿಸಿದವನಿಗೆ ನೌಕರಿ.

ನಾಗಪತಿ ಮೊದಲ ತಿರುವಿನ ತನಕ ಹೂವಿನ ದಂಡೆಯ ಮರ್ಯಾದೆ ಕಾಪಾಡಿದ. ಎರಡನೆಯ ತಿರುವಿನಲ್ಲಿ ಎದ್ದು ನಿಂತು ತುಳಿದ. ಆಮೇಲೆ ಅವನು ನಿಂತೇ ಇದ್ದ, ಸೈಕಲ್ಲು ಹಿಂದಕ್ಕೆ ಹೊರಟಿತು. ರಾಯರನ್ನು ಪೊದೆಯೊಂದು ತಡೆದು ಹಿಡಿಯಿತು.

ಮುಳ್ಳು ಕಿತ್ತುಕೊಂಡು ರಾಯರು ಮಾಬ್ಲನ ಕ್ಯಾರಿಯರಿಗೆ ಬಂದು ಕೂತರು. ಮಾಬ್ಲನಿಗೆ ಹಿಂದೆ ತಿರುಗಿ ನೋಡುವ ಧೈರ್ಯ ಇರಲಿಲ್ಲ. ಕೂತಾಗ ಸೈಕಲ್ಲು ಕುಸಿಯಬೇಕಿತ್ತು. ಕುಸಿಯಲಿಲ್ಲ. ಉಸ್ ಎಂದಿತು. ದೂಪದ ಕಂಪು ಎದ್ದಿತು. ಪೆಡಲು ಅವನ ಕಾಲುಗಳನ್ನು ಕೇಳದೆ ತಿರುಗತೊಡಗಿತು. ಮೊದಲ ತಿರುವು, ಎರಡನೆಯ ತಿರುವು, ಪೊದೆ, ಅದರ ಪಕ್ಕದಲ್ಲಿ ಬಾಯಿ ತೆರೆದು ನಿಂತ ನಾಗಪತಿ, ಎಲ್ಲ ಹಿಂದೆ ಸರಿದವು. ಗುಡ್ಡದ ಮೇಲೆ ಕಲ್ಲಿನ ಮೇಲೆ ಕಲ್ಲಿಟ್ಟ ಹಾಗೆ ಗೊರಸಿನ ಸದ್ದು ಕೇಳಿಸಿತು. ಚೈನು ಸಡಿಲಾಗಿರಬೇಕು ಎಂದು ಮಾಬ್ಲ ಹಲ್ಲು ಕಚ್ಚಿ ಅಂದುಕೊಂಡ. ಬಂಗಲೆಯ ಅಂಗಳಕ್ಕೆ ಬಂದಾಗ ಅವನ ಹಣೆಯಲ್ಲಿ ಬೆವರಿನ ಹನಿ ಇರಲಿಲ್ಲ.

ರಾಯರು ಇಳಿದು ಬಹಳ ಹೊತ್ತು ಕ್ಯಾರಿಯರನ್ನೇ ಮುಟ್ಟಿ ನೋಡಿದರು.

"ಇದಕ್ಕೆ ಗಾದಿ ಗೀದಿ ಹಾಕಿಸಿದ್ದೀಯೇನೋ?"

"ಇಲ್ಲ ರಾಯರೆ."

"ಮತ್ತೆ ಮೆತ್ತಗಿತ್ತಲ್ಲ. ಯಾರೋ ತೊಡೆ ಮೇಲೆ ಕೂರಿಸ್ಕೊಂಡು, ಬೀಳದ ಹಾಗೆ ಹೊಟ್ಟೆ ಸುತ್ತ ಕೈ ಹಾಕಿ ಹಿಡ್ಕೊಂಡ ಹಾಗೆ." ರಾಯರ ದನಿ ಸಣ್ಣಗಾಯಿತು. "ನಮ್ಮ ಅಜ್ಜ ಹಾಗೆ ಹಿಡೀತಿದ್ರು."

"ಅದು ಪಟ್ಟಾದ ಗುಣ," ಎಂದ ಮಾಬ್ಲ.

"ಬಹಳ ಒಳ್ಳೆ ಪಟ್ಟಾ," ಎಂದರು ರಾಯರು.

ಸಾಹೇಬರು ಜಗಲಿಯಿಂದ ಎಲ್ಲ ನೋಡಿದ್ದರು. ಸೈಕಲ್ಲನ್ನು ಮೂರು ಸಲ ಸುತ್ತಿದರು, ಮಾಬ್ಲನನ್ನು ಒಮ್ಮೆ ಮಾತ್ರ. ನೌಕರಿ ಕೊಟ್ಟರು. ಒಂದೇ ಷರತ್ತು ಹಾಕಿದರು: ಈ ಸೈಕಲ್ಲಿಗಾಗಿ ಈ ಮನುಷ್ಯನನ್ನು ತೆಗೆದುಕೊಂಡದ್ದು, ಆದ್ದರಿಂದ ದಿನಾ ಇದನ್ನೇ ತರಬೇಕು, ಬೇರೆ ಸೈಕಲ್ಲಿನಲ್ಲಿ ಬಂದ ದಿನ ನೌಕರಿ ಇಲ್ಲ. ನಾಳೆ ಬೆಳಗ್ಗೆಯೇ ಹಾಜರಾಗಬೇಕು.

ಹಿಂದಿರುಗುವಾಗ ಬಿಸಿಲು ಬಾಗಿತ್ತು. ಬನದ ಎದುರು ನಿಲ್ಲುವುದೋ ಬೇಡವೋ ಎಂದು ಮಾಬ್ಲ ಯೋಚಿಸುತ್ತಿರುವಾಗಲೇ ಸೈಕಲ್ಲು ತಾನೇ ನಿಂತಿತು. ಪಟ್ಟಾ ಸಿಕ್ಕಿಕೊಂಡಿದೆ ಎಂದು ಅವನು ಮರಗಳಿಗೆ ಹೇಳಿದ. ಮರಗಳು ಗಾಳಿಯಿಲ್ಲದೆ ಅಲ್ಲಾಡಿದವು.

"ಇಳಿಯುದಾದ್ರೆ ಇಳಿಬಹುದು," ಎಂದ ಮಾಬ್ಲ, ನಾಚಿಕೆಯಿಂದ, ರಸ್ತೆಯಲ್ಲಿ ಯಾರೂ ಇಲ್ಲವೆಂದು ನೋಡಿಕೊಂಡು. "ಒತ್ತಾಯ ಇಲ್ಲ."

ಕ್ಯಾರಿಯರು ಕಿರ್ರೆಂದು ಮೇಲೆದ್ದಿತು. ಸೈಕಲ್ಲು ಹೂವಿನ ಹಾಗೆ ಹಗುರಾಯಿತು. ಮಾಬ್ಲನ ಎದೆಯೂ ಹಗುರಾಯಿತು. ಅವನು ಕಾಲೆತ್ತಿ ಹತ್ತುವಷ್ಟರಲ್ಲಿ ಕ್ಯಾರಿಯರು ಮತ್ತೆ ಕಿರ್ರೆಂದಿತು. ಅದಾಗಿ ಸ್ವಲ್ಪ ತಡೆದು ಇನ್ನೊಮ್ಮೆ ಕಿರ್ರೆಂದಿತು. ಉಸ್ ಎಂಬ ಸದ್ದಿನ ಹಿಂದೆ ಈಗ ಸಣ್ಣಗೆ ಕಾಲ್ಗೆಜ್ಜೆಯ ಸದ್ದೂ ಇತ್ತು. ಮಾಬ್ಲ ಮಾವನ ಪಾಠವನ್ನು ಹೊನ್ನಾವರದ ತನಕ ಬಿಡದೆ ಹೇಳಿದ. ಗೆಜ್ಜೆಗೆ ಪಾಠದಲ್ಲಿ ಜಾಗ ಇರಲಿಲ್ಲ.

ತಾರಿಯಲ್ಲಿ ಸೋಮ ಸೈಕಲ್ಲನ್ನು ಮಲಗಿಸಿದ, ದೋಣಿಯ ತುದಿ ನೋಡಿದ, ಹೋಗಿ ಈ ಸಲ ಎರಡು ಮೂಟೆ ತಂದಿಟ್ಟ.

ಮನೆಯಲ್ಲಿ ಇನ್ನೂ ದೀಪ ಹಚ್ಚಿರಲಿಲ್ಲ. ನೌಕರಿ ಸಿಕ್ಕಿತೆಂಬ ಮಾತು ಕೇಳಿದ್ದೇ ಮಾದಿ ಹೋಗಿ ಟ್ರಂಕಿನ ಹಗ್ಗ ಬಿಚ್ಚತೊಡಗಿದಳು. ಮಾವ ಜಗಲಿಯಲ್ಲಿ ಮುಖ ಬಾಡಿಸಿಕೊಂಡು ಕೂತಿದ್ದ. ಮಾಬ್ಲ ಅವನ ಕಾಲು ಹಿಡಿದ. ಗುಡ್ಡದ ಪರೀಕ್ಷೆ, ಸಾಹೇಬರ ಷರತ್ತು ಎಲ್ಲ ಹೇಳಿ, ದಾರಿಯುದ್ದಕ್ಕೂ ಹೆದರಿ ಸತ್ತೆನೆಂದ. ಉಸ್ ಎಂದಿತು, ದೂಪದ ವಾಸನೆ ಬಂತು, ಪೆಡಲು ತಾನೇ ತಿರುಗಿತು, ಆದರೆ ಎಲ್ಲ ನಿನ್ನ ಪಟ್ಟಾದ ಗುಣ ಎಂದು ನೆನೆಸಿಕೊಂಡು ಧೈರ್ಯ ತಂದುಕೊಂಡೆನೆಂದ.

ಮಾವ ಅವನನ್ನು ವಿಚಿತ್ರವಾಗಿ ನೋಡಿದ.

"ತಮಾಷೆ ಮಾಡ್ಬೇಡ. ಕುಮಟೆಗೆ ಬಸ್ಸಿನಲ್ಲಿ ಹೋದ್ಯಾ?"

"ಸೈಕಲ್ಲಿನಲ್ಲಿ."

ಮಾವ ಎದ್ದು ಒಳಗೆ ಹೋದ. ಬಾಗಿಲ ಹಿಂದಿನ ಗೂಟದಿಂದ ಏನನ್ನೋ ತೆಗೆದು ತಂದು ಮಾಬ್ಲನ ಕೈಗೆ ಕೊಟ್ಟ. ಕ್ಯಾನ್‌ವಾಸಿನ ಪಟ್ಟಾ. ರಾಳ ಬಳಿದು ಒಣಹಾಕಿದ್ದು, ಇನ್ನೂ ಅಂಟು ಆರಿರಲಿಲ್ಲ.

"ನಿನ್ನೆ ಸಂಜೆಯೇ ಬಿಚ್ಚಿದ್ದೆ," ಎಂದ ಮಾವ. "ಬೆಳಗ್ಗೆ ದಂಡೆಯಿಂದ ಬಂದು ಹಾಕಿಕೊಡುವಾ ಅಂತ. ಬಂದು ನೋಡಿದ್ರೆ ನೀನಿಲ್ಲ, ಸೈಕಲ್ಲಿಲ್ಲ. ತಾರಿ ತನಕ ತಳ್ಳಿ ಗೊತ್ತಾಗಿ ವಾಪಸ್ ಬರ್ತೀ ಅಂತ ಇಡೀ ದಿನ ಇಲ್ಲೇ ಕೂತಿದ್ದೆ. ಪಟ್ಟಾ ಇಲ್ದೆ ಪೆಡಲಿಗೂ ಚಕ್ರಕ್ಕೂ ಸಂಬಂಧವೇ ಇಲ್ವಲ್ಲ."

ಇಬ್ಬರೂ ಅಂಗಳಕ್ಕೆ ಇಳಿದರು. ಮಾವ ಮುಚ್ಚಳ ತೆಗೆದ. ಒಳಗೆ ಎರಡು ಉರುಳೆಗಳು ಬರಿಮೈಯಲ್ಲಿ ಪಕ್ಕಪಕ್ಕ ಮಲಗಿದ್ದವು. ಮಾಬ್ಲ ಒಂದರ ಮೇಲೆ ಕೈ ಇಟ್ಟ. ದೂರ ಓಡಿ ಬಂದು ನಿಂತ ಪ್ರಾಣಿಯ ಪಕ್ಕೆಯ ಹಾಗೆ ಅದು ಬೆಚ್ಚಗೆ, ಬೆವರಿನಿಂದ ಒದ್ದೆಯಾಗಿತ್ತು.

ಮಾಬ್ಲ ಥಟ್ಟನೆ ಕೈ ಹಿಂದಕ್ಕೆ ಎಳೆದುಕೊಂಡ. ಪಟ್ಟಾವನ್ನು ಈಗಲೇ ಹಾಕಿಬಿಡು ಎಂದು ಮಾವನನ್ನು ಬೇಡಿಕೊಂಡ. ಮಾವ ಕೆನ್ನೆ ಕೆರೆದುಕೊಂಡ. ಹಾಕಲಿಕ್ಕೆ ಅಡ್ಡಿ ಇಲ್ಲ, ಆದರೆ ಪಟ್ಟಾ ಹಾಕಿದ ಸೈಕಲ್ಲು ಹೊನ್ನಾವರದ ಏರನ್ನೇ ಹತ್ತುವುದಿಲ್ಲ, ಗುಡ್ಡದ ಮಾತು ಬಿಡು. ಮೇಲಾಗಿ ಸಾಹೇಬರು ಸೈಕಲ್ಲು ಬದಲಾಗಬಾರದು ಎಂದಿದ್ದಾರೆ.

"ಹಾಕದಿದ್ರೆ ಹೆದರಿಕೆ, ಹಾಕಿದ್ರೆ ನಿನ್ನ ಭಾವನ ಬುಟ್ಟಿ," ಎಂದ. "ನೀನೇ ಹೇಳು ಮಗಾ."

ಮಾಬ್ಲ ಹೇಳುವುದಕ್ಕೆ ಬಾಯಿ ತೆರೆದ. ಅಷ್ಟರಲ್ಲಿ ಮಾದಿ ಹೊರಗೆ ಬಂದು ಅವನ ಕೈಯಿಂದ ಪಟ್ಟಾವನ್ನು ತೆಗೆದುಕೊಂಡು ಎಳೆದು ನೋಡಿದಳು.

"ಇದು ಇಲ್ದೆಯೂ ಓಡ್ತದೆ ಅಂತಾದ್ರೆ ನಂಗೆ ಆತು," ಎಂದಳು. ಕೊಟ್ಟಿಗೆಗೆ ಹೋಗಿ ಅದನ್ನು ಕರುವಿನ ಕೊರಳಿಗೆ ಕಟ್ಟಿದಳು.

ಅಂಗಳದ ಮಬ್ಬಿನಲ್ಲಿ ಗೋಡೆಗೆ ಒರಗಿದ್ದ ಸೈಕಲ್ಲಿನ ಪೆಡಲು ತಾನಾಗಿ ಒಂದು ಸುತ್ತು ತಿರುಗಿ ಮೇಲೆ ಬಂದು ನಿಂತಿತು, ಮಾಬ್ಲನ ಕಾಲಿಗೆ ಸರಿಯಾಗಿ.